ಹಳದಿ ಗರಿಯ ಬಾಣ

ಸೈಮಾ ನಿಯೆಮಿಗೆ ಆ ಗಂಡು ಜಿಂಕೆ ಮೊದಲು ಕಂಡದ್ದು ಸೆಪ್ಟೆಂಬರ್ ಮುಗಿಯುತ್ತ ಬಂದ ಒಂದು ಸಂಜೆ. ಶಾಲೆಯ ಬಸ್ಸನ್ನು ಶೆಡ್ಡಿಗೆ ಬಿಟ್ಟು ಮನೆಗೆ ಬಂದವಳು ಹಿತ್ತಿಲಿನಲ್ಲಿ ಸೌನಾ ಎಂಬ ಹಬೆಸ್ನಾನದ ಮನೆಯ ಒಲೆಗೆ ಸೌದೆ ಒಟ್ಟುತ್ತಿದ್ದಳು. ಬೆನ್ನ ಹಿಂದೆ ಯಾರೋ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದಳು. ಹಿತ್ತಿಲಿನಾಚೆ, ಎಂದೋ ಯಾರೋ ನೆಟ್ಟು ಬಿಟ್ಟುಹೋದ ಸೇಬಿನ ಮರಗಳ ಕೆಳಗೆ, ಸೀಡರ್ ಮರಗಳ ಜೌಗು ಶುರುವಾಗುವ ಅಂಚಿನಲ್ಲಿ ಅದು ನಿಂತಿತ್ತು. ಎಡ ಮುಂಗಾಲನ್ನು ನೆಲಕ್ಕೆ ಪೂರ್ತಿ ಊರಿರಲಿಲ್ಲ. ಎಡ ಹೆಗಲಿನಿಂದ ಒಂದು ಬಾಣ ಹೊರಕ್ಕೆ ಚಾಚಿಕೊಂಡಿತ್ತು. ಬಾಣದ ಬಾಲದಲ್ಲಿ ಹಳದಿ ಗರಿ.

ಆ ಹಳದಿಯನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ತಮ್ಮ ರೈನೊ ತನ್ನ ಬಾಣಗಳ ಗರಿಗೆ ತಾನೇ ಬಣ್ಣ ಕಾಯಿಸಿ ಹಾಕುತ್ತಿದ್ದ, ಅದಕ್ಕಾಗಿ ಅವಳ ಒಳ್ಳೆಯ ಪಾತ್ರೆಯೊಂದನ್ನು ಹಾಳು ಮಾಡಿ ಬೈಸಿಕೊಂಡಿದ್ದ. ಬೇರೆ ಯಾರ ಗರಿಗೂ ಆ ಹಸಿರಿಗೆ ತಿರುಗಿದ ಹಳದಿ ಬಣ್ಣ ಇರಲಿಲ್ಲ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅದೇ ಜೌಗಿನೊಳಕ್ಕೆ ಇಳಿದ ರೈನೊ ವಾಪಸ್ಸು ಬಂದಿರಲಿಲ್ಲ.

ಸೈಮಾ ಕೈಯಲ್ಲಿದ್ದ ಸೌದೆಯನ್ನು ಮೆಲ್ಲಗೆ ಕೆಳಗಿಟ್ಟಳು. ಜಿಂಕೆ ಅವಳನ್ನೇ ನೋಡುತ್ತಿತ್ತು. ಅದಕ್ಕೆ ಹೆದರಿಕೆ ಇದ್ದಂತೆ ಕಾಣಲಿಲ್ಲ. ಆಮೇಲೆ ಅದು ಕುಂಟುತ್ತ ಮರಗಳೊಳಗೆ ಸರಿದುಹೋಯಿತು. ಒಣ ಎಲೆಯ ಮೇಲೆ ಕಾಲಿಟ್ಟರೂ ಒಂದಿಷ್ಟು ಸದ್ದಾಗಲಿಲ್ಲ.

ಮರುದಿನವೂ ಬಂತು. ಅದರ ಮರುದಿನವೂ ಬಂತು. ಒಮ್ಮೆ ಅವಳು ಫೋನಿನಲ್ಲಿ ಫೋಟೊ ತೆಗೆದಳು. ನೋಡಿದರೆ ಫೋಟೊದಲ್ಲಿ ಸೇಬಿನ ಮರಗಳಿದ್ದವು, ಮಬ್ಬು ಬೆಳಕಿತ್ತು, ಅಷ್ಟೆ. ಇನ್ನೊಂದು ದಿನ ಬೆಳಿಗ್ಗೆ ಹೋಗಿ ನೆಲ ನೋಡಿದಳು. ಇಬ್ಬನಿ ಬಿದ್ದ ಮೆತ್ತನೆ ಮಣ್ಣಿನಲ್ಲಿ ಮೊಲ ಓಡಿದ ಗುರುತಿತ್ತು, ಜಿಂಕೆಯ ಗೊರಸಿನದು ಇರಲಿಲ್ಲ.

ಯಾರಿಗೆ ಹೇಳುವುದು? ಇಡೀ ರಸ್ತೆಯಲ್ಲಿ ಅವಳ ಮಾತನ್ನು ನಗದೆ ಕೇಳುವವರೆಂದರೆ ಹೈಕ್ಕಿ ಸಾರಿ ಒಬ್ಬರೇ. ಅವಳ ಅಪ್ಪನ ಗೆಳೆಯರು, ಈಗ ಎಪ್ಪತ್ತು ದಾಟಿದವರು. ಮನೆಯ ಪಕ್ಕದ ಗ್ಯಾರೇಜಿನಲ್ಲಿ ಮರದ ಬಿಲ್ಲು ಕೆತ್ತುತ್ತಿದ್ದರು, ಬಾಣ ಕಟ್ಟುತ್ತಿದ್ದರು. ಸುತ್ತಲಿನ ಬೇಟೆಗಾರರಲ್ಲಿ ಹೆಚ್ಚಿನವರು ರಾಟೆ ಕಟ್ಟಿದ ಹೊಸ ಬಗೆಯ ಬಿಲ್ಲಿಗೆ ಹೋಗಿದ್ದರು. ಹಳೆಯ ಬಿಲ್ಲನ್ನೇ ಹಿಡಿದವರು ಬಾಣಕ್ಕಾಗಿ ಹೈಕ್ಕಿಯ ಬಾಗಿಲಿಗೆ ಬರುತ್ತಿದ್ದರು. ಸೈಮಾ ಮತ್ತು ರೈನೊ ಬಿಲ್ಲು ಹಿಡಿಯುವುದನ್ನು ಕಲಿತದ್ದೂ ಅಲ್ಲೇ.

ಶನಿವಾರ ಅವಳು ಹೋದಾಗ ಹೈಕ್ಕಿ ಸ್ಟೂಲಿನ ಮೇಲೆ ಕೂತು, ಬಾಣದ ಕಡ್ಡಿಯೊಂದನ್ನು ಒಲೆಯ ಶಾಖಕ್ಕೆ ಹಿಡಿದು ಅಂಗೈಯಿಂದ ಒತ್ತಿ ಅದರ ಸೊಟ್ಟ ತಿದ್ದುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅವರ ಕೈ ನಿಂತಿತು. ಕಡ್ಡಿ ಕಪ್ಪಾಗುವವರೆಗೂ ಒಲೆಯ ಮೇಲೇ ಇತ್ತು.

"ಒಂದು ವರ್ಷದ ಬಾಣ ಹಂಗೇ ಚುಚ್ಕೊಂಡಿರಲ್ಲ ಮಗಳೇ," ಎಂದರು ಕೊನೆಗೆ. "ಮರದ ಕಡ್ಡಿ ಅದು. ಜಿಂಕೆ ಪೊದೆಯೊಳಗೆ ನುಗ್ಗಿದ ಮೊದಲನೇ ದಿನಾನೇ ಲಟಕ್ ಅಂತ ಮುರಿದುಹೋಗುತ್ತೆ."

"ನನಗೂ ಗೊತ್ತು ಮಾವ. ಆದ್ರೂ ನಾನು ಕಂಡಿದ್ದು ಕಂಡಿದ್ದೇ."

"ಸಂಜೆ ಬೆಳಕು. ಕಣ್ಣಿಗೆ ಏನೇನೋ ಕಾಣುತ್ತೆ."

"ನನ್ನ ಕಣ್ಣನ್ನ ನಂಬಿ ದಿನಾ ಬಸ್ಸಿನ ತುಂಬ ಮಕ್ಕಳನ್ನ ಬಿಡ್ತಾರೆ ಊರೋರು."

ಹೈಕ್ಕಿ ನಗಲಿಲ್ಲ. ಸುಟ್ಟ ಕಡ್ಡಿಯನ್ನು ಒಲೆಯೊಳಕ್ಕೇ ಹಾಕಿದರು. "ಈಗೇನು ಮಾಡಬೇಕು ಅಂತೀಯ?"

"ಅದನ್ನ ಮುಗಿಸಬೇಕು. ಅದು ಕುಂಟ್ತಾ ಇದೆ ಮಾವ. ದಿನಾ ಬಂದು ನನ್ನ ಮುಖ ನೋಡಿಕೊಂಡು ನಿಲ್ಲುತ್ತೆ."

"ನವೆಂಬರ್ ಬರಲಿ. ಬಂದೂಕಿನ ಬೇಟೆಗೆ ಅಪ್ಪಣೆ ಸಿಕ್ಕ ಮೇಲೆ ನಾನೇ ಬಂದು ಹೊಡೀತೀನಿ."

"ಅಲ್ಲಿವರೆಗೆ ನೋಡಿಕೊಂಡು ಕೂತ್ರೆ ನನಗೆ ತಲೆ ಕೆಡುತ್ತೆ. ಅಕ್ಟೋಬರಿನಲ್ಲಿ ಬಿಲ್ಲಿನ ಬೇಟೆಗೆ ಅಪ್ಪಣೆ ಇದೆ. ನನಗೆ ಬಾಣ ಕಟ್ಟಿಕೊಡಿ."

ಈ ಮಾತಿಗೆ ಇಬ್ಬರ ಕಣ್ಣೂ ಮೇಜಿನ ಕಡೆ ಹೋಯಿತು. ಹಿಂದಿನ ವರ್ಷ ಬಾಣ ಆರಿಸಿದ್ದೂ ಇದೇ ಮೇಜಿನ ಮೇಲೆ.

ಅಂದು ರೈನೊ ಇದ್ದ. ಛಾವಣಿ ಕೆಲಸ ಮಾಡುವಾಗ ಬಿದ್ದು ಹೆಗಲು ಮುರಿದುಕೊಂಡು, ಗಟ್ಟಿ ಬಿಲ್ಲನ್ನು ಎಳೆಯಲಾಗದೆ ಹಗುರ ಬಿಲ್ಲಿಗೆ ಇಳಿದಿದ್ದ. ಆ ಬೇಸರಕ್ಕೋ ಏನೋ, ಅಲಗು ಆರಿಸುವಾಗ ಎಲ್ಲಕ್ಕಿಂತ ಅಗಲವಾದ, ಮೂರು ರೆಕ್ಕೆಯ ಅಲಗನ್ನು ಕೈಗೆತ್ತಿಕೊಂಡ. ಹೈಕ್ಕಿ ಬೇಡವೆಂದರು. ಹಗುರ ಬಿಲ್ಲಿಗೆ ಅಷ್ಟು ಅಗಲದ ಅಲಗನ್ನು ಒಳಕ್ಕೆ ನೂಕುವ ಶಕ್ತಿ ಇಲ್ಲ, ಮೂಳೆಗೆ ತಾಗಿದರೆ ಅಲ್ಲೇ ನಿಂತುಬಿಡುತ್ತದೆ, ಎರಡೇ ಅಂಚಿನ ಸಪೂರ ಅಲಗು ತಗೋ ಎಂದರು. ರೈನೊ ಅದನ್ನು ಬೆಳಕಿಗೆ ಹಿಡಿದು, "ಇದು ಬ್ರೆಡ್ಡಿಗೆ ಬೆಣ್ಣೆ ಹಚ್ಚೋ ಚಾಕು ಅಲ್ವಾ ಮಾವ?" ಎಂದ. ಸೈಮಾ ಬಿದ್ದು ಬಿದ್ದು ನಕ್ಕಿದ್ದಳು. "ಅವನಿಗೆ ಬೇಕಾದ್ದು ಕೊಡಿ ಮಾವ, ಜಿಂಕೆ ಅದನ್ನ ನೋಡೇ ಹೆದರಿ ಸತ್ತುಹೋಗುತ್ತೆ," ಎಂದಿದ್ದಳು. ಹೈಕ್ಕಿ ಸೋತು ಅಗಲದ ಅಲಗನ್ನೇ ಕೂರಿಸಿಕೊಟ್ಟಿದ್ದರು.

ಎರಡು ವಾರದ ಮೇಲೆ, ಅವಳು ಬಸ್ಸಿನಲ್ಲಿದ್ದಾಗ ರೈನೊನ ಫೋನ್ ಬಂತು. ಹೆಗಲಿಗೆ ತಾಗಿದೆ, ಬಾಣ ಒಳಗೆ ಹೋಗಲಿಲ್ಲ, ಅರ್ಧಕ್ಕಿಂತ ಜಾಸ್ತಿ ಹೊರಗೇ ಇದೆ, ಜಿಂಕೆ ಜೌಗಿಗೆ ಇಳೀತು ಎಂದ. ನಾನು ಬರುವವರೆಗೂ ಕಾಯಿ ಎಂದಳು. "ಮಳೆ ಬರೋ ಹಾಗಿದೆ ಅಕ್ಕ, ರಕ್ತ ತೊಳೆದುಹೋಗುತ್ತೆ. ನೋವಲ್ಲಿ ಬಿಟ್ಟು ಬರಕ್ಕಾಗಲ್ಲ. ಕಾಫಿ ಬಿಸಿಗಿಡು," ಎಂದು ಇಟ್ಟುಬಿಟ್ಟ. ಜೌಗಿನೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮಳೆ ಬಂತು, ಸಂಜೆಯ ಹೊತ್ತಿಗೆ ಅದು ಹಿಮವಾಯಿತು. ಪೊಲೀಸರು ಬಂದರು, ನಾಯಿಗಳು ಬಂದವು, ಊರಿನವರು ಸಾಲುಗಟ್ಟಿ ಹುಡುಕಿದರು. ಹಿಮ ಬೀಳುತ್ತಲೇ ಇತ್ತು. ಜೌಗು ಎಲ್ಲವನ್ನೂ ಮುಚ್ಚಿಟ್ಟುಕೊಂಡಿತು. ವಸಂತದಲ್ಲಿ ಹಿಮ ಕರಗಿದ ಮೇಲೂ ಏನೂ ಸಿಗಲಿಲ್ಲ.

"ಬಿಲ್ಲು ತಂದಿದ್ದೀಯಾ?" ಎಂದು ಹೈಕ್ಕಿ ಕೇಳಿದರು.

ತಂದಿದ್ದಳು. ಅವರು ಎದ್ದು, ಗೋಡೆಗೆ ಒರಗಿಸಿದ್ದ ಸೀಡರ್ ಕಡ್ಡಿಗಳ ಕಟ್ಟನ್ನು ಮೇಜಿಗೆ ತಂದರು. ಒಂದೊಂದನ್ನೇ ಎರಡು ಕೈಯಲ್ಲಿ ಹಿಡಿದು ಬಾಗಿಸಿ, ಕಿವಿಯ ಹತ್ತಿರ ತಂದು, ಬೆರಳಲ್ಲಿ ತಟ್ಟಿ, ಬೇಕಾದ್ದನ್ನು ಒಂದು ಕಡೆ, ಬೇಡದ್ದನ್ನು ಇನ್ನೊಂದು ಕಡೆ ಇಡತೊಡಗಿದರು.

"ಎಲ್ಲರೂ ಅಲಗು ಅಲಗು ಅಂತಾರೆ. ಮೊದಲು ಕಡ್ಡಿಯ ಬಳುಕು ನೋಡಬೇಕು. ಬಿಲ್ಲಿಂದ ಹೊರಟಾಗ ಬಾಣ ಮೀನಿನ ಥರ ಬಳುಕಿ ಬಿಲ್ಲನ್ನ ಸುತ್ತಿಕೊಂಡು ಹೋಗುತ್ತೆ. ಬಳುಕು ಹೆಚ್ಚಾದ್ರೂ ಕಷ್ಟ, ಕಮ್ಮಿ ಆದ್ರೂ ಕಷ್ಟ. ಸೊಟ್ಟ ಹೋದ ಬಾಣಕ್ಕೆ ಎಂಥ ಅಲಗು ಹಾಕಿದ್ರೂ ದಂಡ."

ಗರಿ ಕಟ್ಟದ ಬರಿ ಕಡ್ಡಿಗಳಿಗೆ ಅಲಗಿನಷ್ಟೇ ಭಾರದ ಮೊಂಡ ತುದಿ ಸಿಕ್ಕಿಸಿ, ಹಿಂದಿನ ಅಂಗಳದಲ್ಲಿದ್ದ ಹುಲ್ಲಿನ ಮೂಟೆಗೆ ಹೊಡೆಸಿದರು. ಮೊದಲನೆಯದು ಎಡಕ್ಕೆ ಹೋಗಿ, ಬಾಲವನ್ನು ಬಲಕ್ಕೆ ಚಾಚಿ ನಾಟಿತು.

"ಗಟ್ಟಿ. ನಿನ್ನ ಬಿಲ್ಲಿಗೆ ಇದು ಬಾಗಲ್ಲ," ಎಂದು ಕಿತ್ತುಹಾಕಿದರು. ಸ್ವಲ್ಪ ಮೆತ್ತನೆಯ ಕಡ್ಡಿ ಕೊಟ್ಟರು. ತುದಿಯ ಭಾರ ಹೆಚ್ಚಿಸಿದರು. ಮತ್ತೆ ಹೊಡೆಸಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬರಿ ಕಡ್ಡಿಗಳು ಮೂಟೆಯಲ್ಲಿ ಮೊಳೆ ಹೊಡೆದಂತೆ ನೇರವಾಗಿ ನಾಟತೊಡಗಿದವು. ಸೈಮಾಳ ಬೆರಳು ಕೆಂಪಾಗಿತ್ತು.

ಆಮೇಲೆ ಅಲಗಿನ ಡಬ್ಬಿ ತೆರೆದರು. ಯಾವುದು ಎಂದು ಕೇಳಲೇ ಇಲ್ಲ. ಎರಡಂಚಿನ, ಉದ್ದನೆಯ, ಸಪೂರ ಅಲಗನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ಅಂಗೈ ತಣ್ಣಗಾಯಿತು. ಬೆಣ್ಣೆ ಹಚ್ಚುವ ಚಾಕು. ಯಾರೋ ಪಕ್ಕದಲ್ಲೇ ನಕ್ಕಂತಾಗಿ ಅವಳು ತಲೆಯೆತ್ತಿದಳು. ಹೈಕ್ಕಿಯೂ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದರು.

"ನಿಮಗೂ ಕೇಳಿಸ್ತಾ?"

"ಏನು? ಗಾಳಿ ಕಣೇ. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡಬೇಕು," ಎಂದು ಅವರು ಅರ ಕೈಗೆತ್ತಿಕೊಂಡರು.

ಅರದಿಂದ ಉಜ್ಜಿ, ಕಲ್ಲಿಗೆ ಮಸೆದು, ಚರ್ಮದ ಪಟ್ಟಿಗೆ ಎಳೆದರು. ಬೆರಳುಗಳ ನಡುವೆ ರಬ್ಬರ್ ಬ್ಯಾಂಡ್ ಎಳೆದು ಹಿಡಿದು, ಅಲಗಿನ ಅಂಚನ್ನು ಅದಕ್ಕೆ ಸುಮ್ಮನೆ ತಾಗಿಸಿದರು. ಬ್ಯಾಂಡ್ ಎರಡಾಯಿತು.

"ಜಿಂಕೆಯೊಳಗೆ ರಕ್ತನಾಳ ಹಿಂಗೇ ಇರುತ್ತೆ, ಎಳ್ಕೊಂಡು. ಮೊಂಡ ಅಲಗು ಅದನ್ನ ಪಕ್ಕಕ್ಕೆ ಸರಿಸಿ ಹೋಗುತ್ತೆ. ಇದು ಕೊಯ್ದು ಹೋಗುತ್ತೆ. ಆದ್ರೆ ಒಂದು ಮಾತು ಸೈಮಾ. ಹೆಗಲಿನ ಮೂಳೆಗೆ ಮಾತ್ರ ಹೊಡೀಬೇಡ. ಅದರ ಹಿಂದೆ, ಪಕ್ಕೆ ಮೇಲೆ. ಪಕ್ಕೆ ಕಾಣೋವರೆಗೂ ಹೆದೆ ಎಳೀಬೇಡ."

ಗರಿ ಯಾವ ಬಣ್ಣದ್ದು ಬೇಕು ಎಂದರು. ಬಿಳಿ ಎಂದಳು.

ಅಕ್ಟೋಬರಿನ ಮೊದಲ ವಾರ ಅವಳು ಸಂಜೆಯಾದರೆ ಸೇಬಿನ ಮರಗಳ ಹತ್ತಿರ, ಬಿದ್ದ ದಿಮ್ಮಿಯ ಮರೆಯಲ್ಲಿ ಕೂತಳು. ಜಿಂಕೆ ಬರುತ್ತಿತ್ತು. ಪ್ರತಿಸಲವೂ ಎಡ ಮೈಯನ್ನೇ ಅವಳ ಕಡೆ ಮಾಡಿ ನಿಲ್ಲುತ್ತಿತ್ತು. ಕುಂಟುಕಾಲನ್ನು ಹಿಂದಕ್ಕೆಳೆದು, ಹೆಗಲನ್ನು ಮುದುಡಿಕೊಂಡು ಪಕ್ಕೆಯನ್ನು ಮುಚ್ಚುತ್ತಿತ್ತು. ಹಳದಿ ಗರಿ ಗಾಳಿಯಿಲ್ಲದೆಯೂ ನಡುಗುತ್ತಿತ್ತು. ಒಂದೆರಡು ಸಲ ಅವಳು ಬಿಲ್ಲೆತ್ತಿದಳು. ಎತ್ತಿದಾಗಲೆಲ್ಲ ಜೌಗಿನೊಳಗಿಂದ ಕೆಮ್ಮು ಕೇಳಿತು. ಸಿಗರೇಟು ಬಿಟ್ಟ ಮೇಲೂ ರೈನೊಗೆ ಉಳಿದುಕೊಂಡಿದ್ದ, ಮಾತಿಗೆ ಮುಂಚೆ ಬರುತ್ತಿದ್ದ ಕೆಮ್ಮು. ಅವಳು ಬಿಲ್ಲು ಇಳಿಸುತ್ತಿದ್ದಳು.

"ಏನು ಬೇಕೋ ನಿನಗೆ?" ಎಂದು ಒಂದು ಸಂಜೆ ಜೋರಾಗಿಯೇ ಕೇಳಿದಳು. "ನಾನು ನಕ್ಕಿದ್ದು ತಪ್ಪು ಕಣೋ. ಏನು ಬೇಕು ಹೇಳು."

ಜಿಂಕೆ ಕಿವಿ ತಿರುಗಿಸಿತು. ಆಮೇಲೆ ಜೌಗಿನೊಳಗೆ ಸರಿದುಹೋಯಿತು.

ಮುಂದಿನ ಶನಿವಾರ ಬೆಳಿಗ್ಗೆ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿತ್ತು. ಮಂಜು ಸೇಬಿನ ಮರಗಳ ಸೊಂಟದವರೆಗೆ ನಿಂತಿತ್ತು. ಸೈಮಾ ಆ ದಿನ ಸಂಜೆಗೆ ಕಾಯದೆ, ಬೆಳಕು ಹರಿಯುತ್ತಿದ್ದಂತೆ ಹೋಗಿ ಕೂತಿದ್ದಳು. ಆ ದಿನ ಮೊದಲು ಸದ್ದು ಬಂತು. ಒಣ ಎಲೆ ಚರಚರ ಎಂದಿತು, ಸೇಬು ಕಚ್ಚಿದ ಸದ್ದು ಕೇಳಿತು, ಮೂಗಿನಿಂದ ಬಿಸಿ ಉಸಿರು ಹೊಗೆಯಾಗಿ ಎದ್ದಿತು. ಮಂಜಿನೊಳಗಿಂದ ಕೊಂಬು ಮೂಡಿತು, ಕತ್ತು ಮೂಡಿತು. ಜಿಂಕೆ ಎಂದಿನಂತಿರಲಿಲ್ಲ, ಬಲ ಮೈಯನ್ನು ಅವಳ ಕಡೆ ತಿರುಗಿಸಿ ನಿಂತಿತು. ಬಲ ಮುಂಗಾಲನ್ನು ಒಂದು ಹೆಜ್ಜೆ ಮುಂದಿಟ್ಟಿತು. ಪಕ್ಕೆ ಪೂರ್ತಿ ತೆರೆಯಿತು.

ಹೆದೆ ಅವಳ ಬಾಯಿಯ ಮೂಲೆಗೆ ಬಂದು ತಾಗಿದ್ದು ಅವಳಿಗೆ ಗೊತ್ತಿಲ್ಲ. ಬಿಟ್ಟಿದ್ದೂ ಗೊತ್ತಿಲ್ಲ. ಬಿಳಿ ಗರಿ ಮಂಜಿನಲ್ಲಿ ಒಂದು ಗೆರೆ ಎಳೆದು ಪಕ್ಕೆಯೊಳಗೆ ಮಾಯವಾಯಿತು. ಆಚೆ ಕಡೆ ಬಾಣ ಕೊಂಬೆಗೆ ತಾಗಿದ ಸದ್ದು ಬಂತು. ಜಿಂಕೆ ಬೆನ್ನು ಬಾಗಿಸಿ ಹಾರಿ, ಸೀಡರ್ ಮರಗಳೊಳಕ್ಕೆ ನುಗ್ಗಿತು.

ಬಾಣ ತಾಗಿದ ಜಿಂಕೆಯ ಹಿಂದೆ ಕೂಡಲೇ ಹೋಗಬಾರದು, ಹೆದರಿ ಇನ್ನೂ ದೂರ ಓಡುತ್ತದೆ. ಅವಳು ಮನೆಗೆ ಬಂದು ಹೈಕ್ಕಿಗೆ ಫೋನ್ ಮಾಡಿದಳು. ಅವರು ತಮ್ಮ ಹಳೇ ಟ್ರಕ್ಕಿನಲ್ಲಿ, ಮಲಗುವ ಅಂಗಿಯ ಮೇಲೇ ಕೋಟು ಹಾಕಿಕೊಂಡು ಬಂದರು. ಇಬ್ಬರೂ ಬಾಣ ಹುಡುಕಿದರು. ಪಾಚಿಯಲ್ಲಿ ಹೂತಿದ್ದ ಬಾಣದ ತುಂಬ ಗುಳ್ಳೆಗುಳ್ಳೆಯಾದ ಕೆಂಪು ರಕ್ತ.

"ಶ್ವಾಸಕೋಶ," ಎಂದರು ಹೈಕ್ಕಿ. "ಈಚೆಯಿಂದ ಆಚೆಗೆ ಪೂರ್ತಿ ತೂರಿ ಹೋಗಿದೆ. ದೂರ ಹೋಗಿರಲ್ಲ."

ಜೌಗಿನ ಅಂಚಿನಲ್ಲಿ ಅವರ ಮಂಡಿ ಸೋತಿತು. "ನಾನು ಇಲ್ಲೇ ನಿಂತಿರ್ತೀನಿ. ಆಗಾಗ ಕೂಗು, ನಾನು ಓಗೊಡ್ತೀನಿ. ದಿಕ್ಕು ತಪ್ಪಲ್ಲ."

ಸೈಮಾ ಒಳಗೆ ಹೋದಳು. ಜರೀಗಿಡದ ಮೇಲೆ ರಕ್ತ, ಬುಡದ ಪಾಚಿಯ ಮೇಲೆ ರಕ್ತ. ಸೀಡರ್ ಮರಗಳು ಒಂದರ ಮೇಲೊಂದು ಒರಗಿಕೊಂಡಿದ್ದವು. ಬೇರುಗಳ ನಡುವೆ ಚಹಾ ಬಣ್ಣದ ನೀರು ನಿಂತಿತ್ತು. ಹಗಲು ಅಲ್ಲಿಗೆ ಸರಿಯಾಗಿ ಇಳಿದಿರಲಿಲ್ಲ. "ಹೈಕ್ಕಿ ಮಾವಾ!" ಎಂದು ಕೂಗಿದಳು. "ಓಯ್!" ಎಂದು ಬೆನ್ನ ಹಿಂದಿನಿಂದ ಬಂತು. ಇನ್ನಷ್ಟು ಮುಂದೆ ಹೋಗಿ ಕೂಗಿದಳು. "ಓಯ್," ಸ್ವಲ್ಪ ಸಣ್ಣಗೆ. ಆಮೇಲೆ ರಕ್ತದ ಜಾಡು ಕಡಿದುಹೋಯಿತು. ನೆಲದ ಮೇಲೆ ಮಂಡಿಯೂರಿ ಹುಡುಕಿದಳು. ಸಿಗಲಿಲ್ಲ. ಗಾಬರಿಯಾಗಿ ಮತ್ತೆ ಕೂಗಿದಳು.

"ಓಯ್!"

ಈ ಸಲ ಓಗೊಟ್ಟ ದನಿ ಮುಂದಿನಿಂದ ಬಂತು.

ಅವಳಿಗೆ ಹಿಂದಕ್ಕೆ ಓಡಬೇಕೆನ್ನಿಸಿತು, ಆದರೆ ಕಾಲು ಮುಂದಕ್ಕೇ ನಡೆದವು. ಬಿರುಗಾಳಿಗೆ ಬುಡಮೇಲಾದ ದೊಡ್ಡ ಸೀಡರ್ ಒಂದಿತ್ತು. ಅದರ ಬೇರಿನ ಗೋಡೆ ಆಳೆತ್ತರಕ್ಕೆ ಎದ್ದಿತ್ತು. ಅದರ ಬುಡದಲ್ಲಿ ಜಿಂಕೆ ಮಲಗಿತ್ತು, ಕತ್ತು ನೀಡಿಕೊಂಡು, ಕಣ್ಣು ತೆರೆದುಕೊಂಡು ಸತ್ತಿತ್ತು. ಅದರಾಚೆ, ಬೇರಿನ ಕೆಳಗಿನ ಗುಂಡಿಯಲ್ಲಿ, ಎರಡು ದಿಮ್ಮಿಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಬೂಟು ಕಂಡಿತು. ಆಮೇಲೆ ರೈನೊನ ಕೆಂಪು ಚೌಕಳಿಯ ಕೋಟು ಕಂಡಿತು, ಮೇಲೆ ಪಾಚಿ ಹಬ್ಬಿತ್ತು. ಬಿಲ್ಲನ್ನು ಅವನು ಹೆದೆ ಬಿಚ್ಚಿ, ಒದ್ದೆಯಾಗದಂತೆ ಬೇರಿನ ಮರೆಗೆ ಒರಗಿಸಿಟ್ಟಿದ್ದ. ಕಾಲು ಸಿಕ್ಕಿಕೊಂಡ ಮೇಲೆ, ಇನ್ನು ಯಾರಾದರೂ ಬರುತ್ತಾರೆಂದು ಕಾಯುತ್ತ ಕೂತವನು ಮಾಡುವ ಕೆಲಸ ಅದು.

ಸೈಮಾ ಅಲ್ಲೇ ಕೂತಳು. ಚೀರಲಿಲ್ಲ. ಅವನ ಕೋಟಿನ ಮೇಲಿನ ಪಾಚಿಯನ್ನು ಬೆರಳಿನಿಂದ ಬಿಡಿಸುತ್ತ, "ಬಂದೆ ಕಣೋ, ಬಂದೆ," ಎಂದು ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳುತ್ತ ಕೂತಳು. ಹೊರಗೆ ಬಂದಾಗ ಹೈಕ್ಕಿ ಬಿಳಿಚಿಕೊಂಡಿದ್ದರು.

"ಎಲ್ಲಿಗೆ ಹೋಗಿದ್ದೆ? ಎರಡು ಸಲ ಕೂಗಿದೆ, ಆಮೇಲೆ ಸುಮ್ಮನಾಗಿಬಿಟ್ಟೆ. ನಾನು ಕೂಗಿ ಕೂಗಿ ಗಂಟಲು ಹೋಯ್ತು."

ಸೈಮಾ ಒಳಗೆ ಕೈ ತೋರಿಸಿದಳು.

ಪೊಲೀಸರು ಬಂದು ರೈನೊನನ್ನು ತೆಗೆದರು. ಹುಡುಕಿದವರು ಆ ಮರದ ಪಕ್ಕದಲ್ಲೇ ನಡೆದುಹೋಗಿರಬೇಕು, ಆ ದಿನದ ಹಿಮದಲ್ಲಿ ಯಾರಿಗೂ ಕಾಣುವಂತಿರಲಿಲ್ಲ ಎಂದು ಎಲ್ಲರೂ ಹೇಳಿಕೊಂಡರು. ಮುಂದಿನ ವಾರ ಅಪ್ಪ ಅಮ್ಮನ ಪಕ್ಕದಲ್ಲಿ ಅವನನ್ನು ಮಣ್ಣು ಮಾಡಿದರು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಕಾಫಿಯನ್ನೂ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡನ್ನೂ ಕೊಟ್ಟರು. ಜಿಂಕೆಯ ವಿಷಯ ಯಾರೂ ಎತ್ತಲಿಲ್ಲ. ಕೆಲವರು ಸೈಮಾಳ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡರು.

ಜಿಂಕೆಯನ್ನು ಹೈಕ್ಕಿ ತಮ್ಮ ಗ್ಯಾರೇಜಿಗೆ ತರಿಸಿ, ಸುಲಿದು, ಕಡಿದು, ಪೊಟ್ಟಣ ಕಟ್ಟಿದ್ದರು. ಮಣ್ಣು ಮಾಡಿದ ಮೂರನೇ ದಿನ ಸೈಮಾಳನ್ನು ಊಟಕ್ಕೆ ಕರೆದರು. ಆಲೂಗಡ್ಡೆ, ಗಜ್ಜರಿ ಹಾಕಿ ಮಾಂಸವನ್ನು ಬೆಳಿಗ್ಗೆಯಿಂದ ಸಣ್ಣ ಉರಿಯಲ್ಲಿ ಬೇಯಿಸಿದ್ದರು. ಮೇಜಿನ ಮೇಲೆ, ಒರೆಸುವ ಬಟ್ಟೆಯ ಮೇಲೆ ಒಂದು ಮೂಳೆಯ ಚೂರು ಇತ್ತು. ಎಡ ಹೆಗಲಿನ ಮೂಳೆ. ಅದರಲ್ಲಿ ಅಗಲದ ಮೂರು ರೆಕ್ಕೆಯ ಅಲಗು ಸಿಕ್ಕಿಕೊಂಡಿತ್ತು. ಸುತ್ತ ಮೂಳೆ ಮತ್ತೆ ಬೆಳೆದು ಅದನ್ನು ಅಪ್ಪಿಕೊಂಡಿತ್ತು.

"ಚರ್ಮ ಪೂರ್ತಿ ಕೂಡಿಕೊಂಡಿತ್ತು," ಎಂದರು ಹೈಕ್ಕಿ. "ಹೊರಗಡೆ ಕೂದಲು ಬೆಳೆದಿತ್ತು, ಒಂದು ಸಣ್ಣ ಗೀರು ಬಿಟ್ಟರೆ ಏನಿಲ್ಲ. ಕಡ್ಡಿ ಮುರಿದುಬಿದ್ದು ವರ್ಷವೇ ಆಗಿರಬೇಕು."

"ಮತ್ತೆ ಆ ಗರಿ?"

ಹೈಕ್ಕಿ ಬಟ್ಟಲಿನಲ್ಲಿ ಚಮಚೆ ಆಡಿಸುತ್ತ ಕೂತರು. ಸೈಮಾ ಬ್ರೆಡ್ಡು ಮುರಿದಳು.

"ಆಗಸ್ಟಿನಲ್ಲಿ ನಾನು ಮೀನು ಹಿಡಿದು ಬರ್ತಾ ಇದ್ದೆ," ಎಂದರು ಅವರು, ತಲೆ ಎತ್ತದೆ. "ನಿಮ್ಮ ಮನೆ ತಿರುವಿನಲ್ಲಿ ರಸ್ತೆಗೆ ಅಡ್ಡ ನಿಂತಿತ್ತು. ಟ್ರಕ್ಕು ನಿಲ್ಲಿಸಿದೆ. ಹಳದಿ ಗರಿ ಕಣ್ಣಾರೆ ನೋಡಿದೆ ಸೈಮಾ. ನಾನು ಕಟ್ಟಿದ ಬಾಣ ನನಗೆ ಗೊತ್ತಾಗಲ್ವಾ? ಕಿಟಕಿ ಗಾಜು ಏರಿಸಿಕೊಂಡು ಬಂದುಬಿಟ್ಟೆ. ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ."

"ಮತ್ತೆ ಅವತ್ತು ನಾನು ಬಂದು ಹೇಳಿದಾಗ?"

"ಹೆದರಿಕೆ ಕಣೇ. ಅವನು ನನ್ನ ಹತ್ರ ಬಂದಿದ್ದಾನೆ ಅಂದ್ಕೊಂಡೆ. ಬೇಡ ಅಂತ ಗೊತ್ತಿದ್ದೂ ಆ ಅಲಗು ಕೂರಿಸಿಕೊಟ್ಟೋನು ನಾನಲ್ವಾ?"

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ದಿನ ತಾನೊಬ್ಬಳೇ ಹೊತ್ತು ತಿರುಗಿದ್ದನ್ನು ಈ ಮುದುಕನೂ ಇನ್ನೊಂದು ತುದಿಯಲ್ಲಿ ಹೊತ್ತುಕೊಂಡಿದ್ದ.

"ಕೊಟ್ಟೋರು ನೀವು, ನಕ್ಕೋಳು ನಾನು, ತಗೊಂಡೋನು ಅವನು," ಎಂದಳು. "ಮಾಂಸ ಆರಿ ಹೋಗ್ತಾ ಇದೆ ಮಾವ. ತಿನ್ನಿ."

ಇಬ್ಬರೂ ಒಂದು ತುತ್ತನ್ನೂ ಬಿಡದೆ ತಿಂದರು. ಊಟವಾದ ಮೇಲೆ ಅವಳು ಪಾತ್ರೆ ತೊಳೆದಳು, ಅವರು ಒರೆಸಿಟ್ಟರು. ಹೊರಗೆ ಕತ್ತಲಾಗಿತ್ತು. ಬಾಗಿಲವರೆಗೆ ಹೋದ ಸೈಮಾ ಕಾರಿನ ಕೀಲಿಯನ್ನು ಕೈಯಲ್ಲಿ ಹಿಡಿದು ನಿಂತಳು. ತಮ್ಮ ಸಿಕ್ಕಿದ ಮೇಲೆ ಎಲ್ಲ ಮುಗಿಯಿತು ಎಂದು ಎಲ್ಲರೂ ಅವಳಿಗೆ ಹೇಳಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು. ಈಗ ಅವಳ ಕಣ್ಣು ರಸ್ತೆಯ ತಿರುವಿನ ಕಡೆಗೇ ಹೋಗುತ್ತಿತ್ತು. ಅಲ್ಲಿ ಏನಾದರೂ ಕಂಡರೆ ಹೇಗೆ ಎಂಬ ಹೆದರಿಕೆ ಇತ್ತು. ಏನೂ ಕಾಣದೆ, ಇನ್ನು ಎಂದೂ ಕಾಣದೇ ಹೋದರೆ ಎಂಬ ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು.

"ಸೋಫಾ ಇದೆ, ಕಂಬಳಿ ಕೊಡ್ತೀನಿ," ಎಂದರು ಹೈಕ್ಕಿ ಹಿಂದಿನಿಂದ.

ಅವಳು ಬಾಗಿಲು ಹಾಕಿ ಒಳಗೆ ಬಂದಳು.